ಸ್ಮಶಾನ ನೋಡಿ ಬಂದೇನಿ, ಬೈಬ್ಯಾಡ್ರಿ

ಮೊದಲಿಗೇ ಹೇಳಿಬಿಡ್ತೇನಿ, ಮನಿಗೆ ಬಂದ ಕೂಡಲೇ ತಲಿ ಮ್ಯಾಲೆ ನೀರು ಹಾಕ್ಕೊಂಡೇನಿ. ಯಾಕಂದ್ರ ಇದನ್ನ ಓದಿದ ಮ್ಯಾಲೆ ನಮ್ಮ ಮೌಶಿ ಕೇಳೋ ಮೊದಲನೇ ಪ್ರಶ್ನೆ ಅದೇ. ಎರಡನೇದ್ದು, "ಅಲ್ಲವಾ, ಅಷ್ಟು ರೊಕ್ಕಾ ಖರ್ಚು ಮಾಡಿ ಅಮೇರಿಕಾಕ್ಕ ಹೋಗಿ, ನೋಡ್ಲಿಕ್ಕೆ ಸ್ಮಶಾನಾನ ಸಿಕ್ತೇನು ನಿನಗ?" ಮೌಶಿ, ನಾನೂ ಮಗಳಿಗೆ ಹಂಗ ಕೇಳಿದೆ. ಆಕಿ ನಕ್ಕೋತ, "ಅಮ್ಮಾ, ಹೂವು ನೋಡ್ಲಿಕ್ಕೆ ಕರಕೊಂಡು ಹೊಂಟೇನಿ, ಸುಮ್ಮನ ಬಾ" ಅಂದ್ಲು.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಸ್ಮಶಾನದ ದಾರಿನೇ ಗೊತ್ತಿರೂದಿಲ್ಲ. ಹೆಣ ಎತ್ತೋತನಕ ಮನಿಯೊಳಗ ಅಳೋದು ನಮ್ಮ ಪಾಲು, ಮುಂದಿಂದು ಗಂಡಸರ ಪಾಲು. ಅವರು ವಾಪಸ್ ಬರೋದ್ರಾಗ ನಾವು ಮನಿ ತೊಳದು, ನೀರು ಕಾಸಿ ಇಟ್ಟಿರಬೇಕು. ಸಣ್ಣಾಕಿ ಇದ್ದಾಗ ಧಾರವಾಡದಾಗ ಇಂಗ್ಲೀಷರ ಹಳೇ ಗೋರಿಗಳ ಮಗ್ಗಲಕ ಹಾದು ಹೋಗೋ ಮುಂದನೂ ನಾವು ಹುಡುಗೇರು ಆ ಕಡೆ ನೋಡ್ತಿರಲಿಲ್ಲ. 1824ರಾಗ ಕಿತ್ತೂರ ಕಾಳಗದೊಳಗ ಸತ್ತ ಥ್ಯಾಕರೆನ ಗೋರಿ ಅಲ್ಲೇ ಅದ ಅಂತ ಸಾಲಿಯೊಳಗ ಹೇಳಿದ್ರು. ಚನ್ನಮ್ಮನ ಕತಿ ಅಂದ್ರ ಜೀವಾ ಬಿಡ್ತಿದ್ದೆ, ಆದ್ರೂ ಗೋರಿ ನೋಡ್ಲಿಕ್ಕೆ ಹೋಗೋ ಧೈರ್ಯ ಆಗ್ಲಿಲ್ಲ. ಅಂಥಾಕಿ ಅರವತ್ತು ದಾಟಿದ ಮ್ಯಾಲೆ ಬಾಸ್ಟನ್ ಮಗ್ಗಲಿನ ಮೌಂಟ್ ಆಬರ್ನ್ ಅನ್ನೋ ಸ್ಮಶಾನದಾಗ ಮೂರು ತಾಸು ಅಡ್ಡಾಡಿ ಬಂದೇನಿ.

ಮಗಳ ಮನಿ ವಾಟರ್‌ಟೌನ್ ಅನ್ನೋ ಊರಾಗ ಅದ. ಮೊಮ್ಮಗಳಿಗೆ ಆಗ ಎಂಟು ತಿಂಗಳು. ಅಳಿಯಂದ್ರು "ನೀವಿಬ್ಬರೂ ಹೋಗಿ ಬರ್ರಿ, ಕೂಸಿನ್ನ ನಾ ನೋಡ್ಕೋತೇನಿ" ಅಂದ್ರು. ಮೇ ತಿಂಗಳು, ಶನಿವಾರ ಮುಂಜಾನೆ. ಹತ್ತು ನಿಮಿಷ ಬಸ್ಸಿನಾಗ ಕೂತು ಇಳದ್ವಿ. ಎದುರಿಗೆ ಕಲ್ಲಿನ ದೊಡ್ಡ ಹೆಬ್ಬಾಗಿಲು. ನಮ್ಮ ಗುಡಿ ಗೋಪುರದಂಗ ಅಲ್ಲ, ಇಗರ್ಜಿಯಂಗೂ ಅಲ್ಲ, ಈಜಿಪ್ಟ್ ದೇಶದ ಹಳೇ ಗುಡಿಗಳ ಮಾದರಿ ಅಂತ. ಮೊದಲು ಕಟ್ಟಿಗಿಯೊಳಗ ಕಟ್ಟಿಸಿದ್ರಂತ, ಆಮ್ಯಾಲೆ 1840ರ ದಶಕದಾಗ ಗ್ರಾನೈಟ್ ಕಲ್ಲಿನೊಳಗ ಹಂಗ ಕಟ್ಟಿಸಿದ್ರಂತ. ತಿಕೀಟಿಲ್ಲ, ಯಾರೂ ಏನೂ ಕೇಳೂದಿಲ್ಲ. ನಾಯಿ ತರಬಾರದು, ಬುತ್ತಿ ಬಿಚ್ಚಿ ಊಟಕ್ಕ ಕೂಡಬಾರದು, ಅಷ್ಟೇ. ನನ್ನ ಚೀಲದಾಗಿನ ಅವಲಕ್ಕಿ ಡಬ್ಬಿ ಚೀಲದಾಗೇ ಉಳೀತು.

ಒಳಗ ಕಾಲಿಟ್ಟು ಹತ್ತು ಹೆಜ್ಜಿ ನಡದಿಲ್ಲ, ನನ್ನ ಅಂಜಿಕಿ ಎಲ್ಲೆ ಹೋತೋ ಗೊತ್ತಾಗ್ಲಿಲ್ಲ. ಗುಡ್ಡ ಏರೋದು, ತಗ್ಗು ಇಳಿಯೋದು, ನಡುನಡುವ ಕೆರಿ. ಎತ್ತ ನೋಡಿದ್ರೂ ಗಿಡ. 175 ಎಕರೆ ಜಾಗಾ, 5,000ಕ್ಕೂ ಹೆಚ್ಚು ಗಿಡಗಳು, ಸುಮಾರು 1 ಲಕ್ಷ ಮಂದಿ ಅಲ್ಲೇ ಮಣ್ಣಾಗ್ಯಾರ. ಆದ್ರ ಗೋರಿಗಳು ಸಾಲಾಗಿ ಸೈನಿಕರಂಗ ನಿಂತಿಲ್ಲ. ಗಿಡದ ನೆರಳಾಗ ಒಂದು, ಹೂವಿನ ಕಂಟಿ ಹಿಂದ ಒಂದು, ಇಳಿಜಾರಿನ್ಯಾಗ ಒಂದು ಮನಿಯವರೆಲ್ಲಾ ಕೂಡಿ ಹರಟಿಗೆ ಕೂತಂಗ ನಾಲ್ಕೈದು. ಗಿಡಗಳಿಗೆ ಸಣ್ಣ ಹೆಸರಿನ ಪಟ್ಟಿ ಕಟ್ಯಾರ. ನನಗ ಅಗದಿ ಛಲೋ ಅನಸಿದ್ದು ದಾರಿಗಳ ಹೆಸರು. ಗಾಡಿ ಹೋಗೋ ದೊಡ್ಡ ದಾರಿ, ಮಂದಿ ನಡಿಯೋ ಕಾಲುದಾರಿ, ಎಲ್ಲಾ ಭಾಳ ಮಟ್ಟಿಗೆ ಗಿಡಾ, ಕಂಟಿ, ಹೂವಿನ ಹೆಸರಿನ್ಯಾಗೇ ಅವ. ಯಾರದರ ಗೋರಿ ಹುಡುಕಬೇಕಾದ್ರ "ಅಜೇಲಿಯಾ ದಾರಿಯೊಳಗ ನೋಡ್ರಿ" ಅನ್ನಬೇಕು. ನಮ್ಮ ಅಜ್ಜಿ ಇದ್ದಿದ್ರ "ಸತ್ತ ಮ್ಯಾಲೆ ಮಲ್ಲಿಗಿ ಓಣಿಯೊಳಗ ಮನಿ ಸಿಗ್ತದ ಅಂದ್ರ ಯಾರು ಬ್ಯಾಡ ಅಂತಾರ" ಅಂತಿದ್ಲು.

ಇದು ಹೆಂಗ ಹುಟ್ಟಿತು ಅನ್ನೋದನ್ನ ಮಗಳು ನಡಕೋತ ಹೇಳಿದ್ಲು. ಇನ್ನೂರು ವರ್ಷದ ಹಿಂದ ಬಾಸ್ಟನ್ ಊರಾಗ ಸತ್ತವರನ್ನ ಇಗರ್ಜಿ ಮಗ್ಗಲಿನ ಸಣ್ಣ ಜಾಗಾದಾಗ, ಇಲ್ಲಾ ಇಗರ್ಜಿ ಕೆಳಗಿನ ನೆಲಮಾಳಿಗ್ಯಾಗ ಇಡ್ತಿದ್ರು. ಊರು ಬೆಳೀತು, ಜಾಗಾ ಬೆಳೀಲಿಲ್ಲ. ಒಬ್ಬರ ಮ್ಯಾಲೆ ಒಬ್ಬರನ್ನ ಹುಗಿಯೋ ಪರಿಸ್ಥಿತಿ ಬಂತು. ವಾಸನಿ, ಮ್ಯಾಲೆ ರೋಗದ ಅಂಜಿಕಿ. ಜೇಕಬ್ ಬಿಗೆಲೋ ಅನ್ನೋ ಡಾಕ್ಟರು 1825ರಾಗ ಕೆಲವು ಮಂದಿ ಹಿರಿಯರನ್ನ ಮನಿಗೆ ಕರದು, ಊರ ಹೊರಗ ಗಿಡಮರ ಇರೋ ಕಡೆ ಜಾಗಾ ನೋಡೂಣು ಅಂದ್ರು. ಅವರು ಬರೇ ಡಾಕ್ಟರಲ್ಲ, ಔಷಧಿ ಗಿಡಗಳ ಬಗ್ಗೆ ಪುಸ್ತಕಾ ಬರದವರು. ಜಾಗಾ ಸಿಗಲಿಕ್ಕೆ ವರ್ಷಗಟ್ಟಲೆ ಹಿಡೀತು. 1829ರಾಗ ತೋಟಗಾರಿಕಿಯವರ ಒಂದು ಸಂಘ ಹುಟ್ಟಿತ್ತು, ಅವರಿಗೆ ಹೊಸ ಹೊಸ ಗಿಡಾ ಬೆಳೆಸಿ ನೋಡ್ಲಿಕ್ಕೆ ತೋಟ ಬೇಕಿತ್ತು. ಡಾಕ್ಟರಿಗೆ ಸ್ಮಶಾನ ಬೇಕು, ಅವರಿಗೆ ತೋಟ ಬೇಕು. ಇಬ್ಬರೂ ಕೂಡಿ 1831ರಾಗ 72 ಎಕರೆ ಜಾಗಾ ಹಿಡದ್ರು. ಆ ವರ್ಷ ಸಪ್ಟೆಂಬರ್ 24ಕ್ಕ ಅದರ ಉದ್ಘಾಟನಿ ಆತು. ನಾಲ್ಕು ವರ್ಷಕ್ಕ ಸಂಘ ಬ್ಯಾರೆ, ಸ್ಮಶಾನ ಬ್ಯಾರೆ ಆದ್ವು. ಆದ್ರ ತೋಟದ ಗುಣ ಅಲ್ಲೇ ಉಳೀತು.

ಅಮೇರಿಕಾದಾಗ ಈ ನಮೂನಿ ತೋಟದಂಥ ಸ್ಮಶಾನ ಇದೇ ಮೊದಲನೇದ್ದು. ಪ್ಯಾರಿಸ್ಸಿನ್ಯಾಗ 1804ರಾಗೇ ಪೆರ್ ಲಾಶೇಜ್ ಆಗಿತ್ತು, ಅದರ ಸುದ್ದಿ ಇವರಿಗೆ ಗೊತ್ತಿತ್ತು. ಇದನ್ನ ನೋಡಿ ಫಿಲಡೆಲ್ಫಿಯಾದವರು 1836ರಾಗ, ನ್ಯೂಯಾರ್ಕ್ ಬಾಜೂಕಿನ ಬ್ರೂಕ್ಲಿನ್ನಿನವರು 1838ರಾಗ ತಮ್ಮ ತಮ್ಮದು ಮಾಡಿಕೊಂಡ್ರು. ಊರಾಗ ದೊಡ್ಡ ಉದ್ಯಾನ ಇಲ್ಲದ ಕಾಲ ಅದು. ಮಂದಿ ರಜಾ ದಿವಸ ಮಕ್ಕಳು ಮರಿ ಕರಕೊಂಡು ಗಾಳಿಗೆ ಬರೋದು ಸ್ಮಶಾನಕ್ಕ! ಅದನ್ನ ನೋಡಿನೇ, ಇಷ್ಟು ಮಂದಿಗೆ ಹಸಿರು ಬೇಕಾಗೇದ ಅಂದ್ರ ಸತ್ತವರಿಲ್ಲದ ಉದ್ಯಾನನೂ ಮಾಡೂಣು ಅನ್ನೋ ಮಾತು ಜೋರಾತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಂಥವು ಆಮ್ಯಾಲೆ ಬಂದ್ವು. ಅಂದ್ರ ಬದುಕಿದವರಿಗೆ ಉದ್ಯಾನದ ರುಚಿ ಹತ್ತಿಸಿದವರು ಸತ್ತವರು.

ಹೂವಿನ ಸುದ್ದಿ ಹೇಳದಿದ್ರ ನಮ್ಮ ವೈನಿ ಸಿಟ್ಟಾಗ್ತಾಳ. ಕೆರಿ ದಂಡಿಗೆ ಅಜೇಲಿಯಾ, ಕೆಂಪು, ಗುಲಾಬಿ, ಕೇಸರಿ, ಎಲಿ ಕಾಣದಂಗ ಅರಳಿದ್ವು. ಡಾಗ್‌ವುಡ್ ಅಂತ ಒಂದು ಗಿಡ, ಟೊಂಗಿ ಮ್ಯಾಲೆ ಬಿಳಿ ಚಿಟ್ಟಿ ಕೂತಂಗ ನಾಲ್ಕು ದಳದ ಹೂ. ದಳ ಅಲ್ಲಂತ ಅವು, ಎಲಿನೇ ಬಣ್ಣ ತಿರುಗಿ ಹಂಗ ಕಾಣ್ತಾವಂತ, ನಮ್ಮ ಕಾಗದದ ಹೂವಿನಂಗ. ಮ್ಯಾಗ್ನೋಲಿಯಾದ ಸುಗ್ಗಿ ಮುಗದಿತ್ತು, ಒಂದು ತಂಪು ಮೂಲಿಯೊಳಗ ಒಂದಿಷ್ಟು ಉಳಿದಿದ್ವು. ಹತ್ತಿರ ಹೋಗಿ ನೋಡಿದೆ, ಆ ಎಲಿ, ಆ ಮೊಗ್ಗಿನ ಚೂಪು, ಎಲ್ಲೋ ನೋಡೇನಲ್ಲ ಅನಸ್ತು. ಮಗಳು ಹೇಳಿದ್ಲು, ಇದು ನಮ್ಮ ಸಂಪಿಗಿ ಕುಲದ್ದೇ ಅಂತ. ಅಷ್ಟು ದೂರ ಬಂದು ಬಳಗದವರು ಸಿಕ್ಕಂಗ ಆತು ನನಗ.

ಹಕ್ಕಿ ನೋಡೋ ಮಂದಿನೂ ಭಾಳ ಇದ್ರು. ಮೇ ತಿಂಗಳಾಗ ದಕ್ಷಿಣದಿಂದ ಉತ್ತರಕ್ಕ ಹೋಗೋ ಸಣ್ಣ ಸಣ್ಣ ಹಕ್ಕಿಗಳು ಇಲ್ಲೆ ಇಳದು ದಣಿವಾರಿಸಿಕೊಂಡು ಹೋಗ್ತಾವ. ಸುತ್ತ ಎಲ್ಲಾ ಊರು, ನಡುವ ಇದೊಂದು ಹಸಿರು, ಮ್ಯಾಲಿಂದ ನೋಡಿದ ಹಕ್ಕಿಗೆ ಧರ್ಮಶಾಲಾ ಕಂಡಂಗ ಕಾಣ್ತಿರಬೇಕು. ಒಬ್ಬ ಅಜ್ಜಿ, ಎಂಬತ್ತು ದಾಟಿರಬೇಕು, ದುರ್ಬೀನು ನನ್ನ ಕೈಯಾಗ ಕೊಟ್ಟು ಬೆರಳು ಮಾಡಿ ತೋರಿಸಿದ್ಲು. ನಮ್ಮ ಗುಬ್ಬಿಗಿಂತಾ ಸಣ್ಣದು, ಅರಿಷಿಣ ಬಡಕೊಂಡಂಗ ಇತ್ತು.

ಇನ್ನ ಅಲ್ಲಿರೋ ಹೆಣ್ಣುಮಕ್ಕಳ ಸುದ್ದಿ. ದೊಡ್ಡ ದೊಡ್ಡ ಗಂಡಸರ ಗೋರಿ ಬೇಕಾದಷ್ಟವ, ಲಾಂಗ್‌ಫೆಲೋ ಕವಿನೂ ಅಲ್ಲೇ ಇದ್ದಾನ. ನಾ ನಿಂತಿದ್ದು ಫ್ಯಾನಿ ಫಾರ್ಮರ್ ಅನ್ನೋಕಿ ಹತ್ತಿರ. ಈಕಿ ಯಾರು ಅಂದ್ರ, ನಿಮ್ಮ ಸೊಸೆಂದ್ರು ಅಡಗಿಮನಿಯೊಳಗ ಇಟ್ಟಿರ್ತಾರಲ್ಲ ಅಳತಿ ಕಪ್ಪು, ಅಳತಿ ಚಮಚಾ, ಅವನ್ನ ಮನಿಮನಿಗೆ ಮುಟ್ಟಿಸಿದಾಕಿ. ಹದಿನಾರು ವರ್ಷದಾಕಿ ಇದ್ದಾಗ ಬ್ಯಾನಿ ಬಿದ್ದು ಕಾಲು ಹೋತು. ಸಾಲಿ ಬಿಡಬೇಕಾತು, ಮನಿಯೊಳಗ ಕೂತು ಅಡಗಿ ಕಲತ್ಲು. ಮುಂದ ಬಾಸ್ಟನ್ನಿನ ಅಡಗಿ ಸಾಲಿಗೇ ಮುಖ್ಯಸ್ಥಳಾದ್ಲು. 1896ರಾಗ ಆಕಿ ಅಡಗಿ ಪುಸ್ತಕಾ ಬಂತು. ಪ್ರಕಾಶಕರಿಗೆ ನಂಬಿಗಿ ಇರಲಿಲ್ಲ, ಮೊದಲಿನ 3,000 ಪ್ರತಿ ಖರ್ಚು ಆಕಿನೇ ಹಾಕಿದ್ಲು. ಅಲ್ಲೀತನಕ ಅವರ ಅಡಗಿನೂ ನಮ್ಮಂಗ ಇತ್ತು, ತತ್ತಿಯಷ್ಟು ಬೆಣ್ಣಿ ಹಾಕ್ರಿ ಅಂತ. ನಾವು ನಿಂಬಿಹಣ್ಣಿನಷ್ಟು ಹುಣಸಿಹಣ್ಣು ಅಂತೇವಲ್ಲ, ಹಂಗ. ಈಕಿ ಕಪ್ಪು ತುಂಬಿ ಮ್ಯಾಲೆ ಚಾಕು ಎಳದು ಸಮ ಮಾಡ್ರಿ ಅಂದ್ಲು. 1915ರಾಗ ತೀರಿಕೊಂಡ್ಲು, ಕಡೀಕ ಗಾಲಿ ಕುರ್ಚಿ ಮ್ಯಾಲೆ ಕೂತೇ ಪಾಠಾ ಹೇಳ್ತಿದ್ಲು. ನನ್ನ ಮಗಳು ಹೋಳಗಿ ಕಣಕಕ್ಕ ನೀರೆಷ್ಟು ಅಂತ ಫೋನಿನ್ಯಾಗ ಕೇಳಿದಾಗೆಲ್ಲಾ ನಾ "ಕೈಗೆ ತಿಳೀತದ" ಅಂತೇನಿ. ಅಲ್ಲೆ ನಿಂತಾಗ ಮಗಳು ನನ್ನ ಮಾರಿ ನೋಡಿದ್ಲು, ನಾ ಗೋರಿ ನೋಡಿದೆ.

ಇನ್ನೊಬ್ಬಾಕಿ ಹ್ಯಾರಿಯಟ್ ಜೇಕಬ್ಸ್. 1813ರಾಗ ಗುಲಾಮರ ಮನಿಯೊಳಗ ಹುಟ್ಟಿದಾಕಿ. ಮಾಲಕ ಬೆನ್ನು ಬಿಡವಲ್ಲ, ಅದಕ್ಕ ಆಕಿ ತನ್ನ ಅಜ್ಜಿ ಮನಿ ಅಟ್ಟದ ಮ್ಯಾಲೆ ಅಡಗಿ ಕೂತ್ಲು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಮೂರೇ ಅಡಿ. ಎದ್ದು ನಿಂದ್ರಲಿಕ್ಕೆ ಆಗೂದಿಲ್ಲ. ಹಂಗ ಹತ್ತಿರ ಹತ್ತಿರ ಏಳು ವರ್ಷ. ಸಣ್ಣ ತೂತಿನ್ಯಾಗಿಂದ ಕೆಳಗ ಆಡೋ ತನ್ನ ಮಕ್ಕಳನ್ನ ನೋಡ್ಕೋತ ಕೂತಿರ್ತಿದ್ಲು, ಒಂದು ಮಾತು ಆಡೋಹಂಗಿಲ್ಲ. ಕಡೀಕ ತಪ್ಪಿಸಿಕೊಂಡು ಉತ್ತರಕ್ಕ ಬಂದ್ಲು, 1861ರಾಗ ತನ್ನ ಕತಿ ತಾನೇ ಬರದು ಪುಸ್ತಕಾ ಮಾಡಿದ್ಲು. ಈಗ ಆಕಿ, ತಮ್ಮ, ಮಗಳು ಮೂವರೂ ಅಲ್ಲೇ ಮಗ್ಗಲಕ ಮಗ್ಗಲಕ ಇದ್ದಾರ. ಮೂರಡಿ ಅಟ್ಟದಾಗ ಕೂತಾಕಿಗೆ ಕಡೀಕ ಇಷ್ಟು ದೊಡ್ಡ ಆಕಾಶದ ಕೆಳಗ ಜಾಗಾ ಸಿಕ್ಕದಲ್ಲ ಅಂತ ನನ್ನ ಕಣ್ಣು ಒದ್ದಿ ಆದ್ವು.

ಇಷ್ಟೊತ್ತಿಗೆ ನನಗ ಒಂದು ಮಾತು ಲಕ್ಷ್ಯಕ್ಕ ಬಂತು. ಬಾಕಿ ಮಂದಿ ಎಲ್ಲಾ ಕೈಯಾಗ ನಕಾಶಿ ಹಿಡಕೊಂಡು ತಿರಗತಿದ್ರು. ದಾರಿಗಳು ಹಾವಿನಂಗ ಸುತ್ತತಾವ, ಮೂರು ದಾರಿ ಕೂಡಿದಲ್ಲೆ ಎತ್ತ ಹೋಗಬೇಕು ತಿಳಿಯೂದಿಲ್ಲ. ನನ್ನ ಮಗಳ ಕೈಯಾಗ ನಕಾಶಿ ಇಲ್ಲ, ಫೋನೂ ಚೀಲದಾಗ. ಎಡಕ್ಕ, ಬಲಕ್ಕ, ಮೆಟ್ಟಲಾ ಇಳಿ ಅಂತ ತವರುಮನಿ ಓಣಿಯೊಳಗ ಹೋದಂಗ ಹೊಂಟಿದ್ಲು.

ಆಕಿ ನಿಂತಿದ್ದು ಒಂದು ಬಿಳಿ ಕಲ್ಲಿನ ಮುಂದ. ಮಾರ್ಗರೆಟ್ ಫುಲ್ಲರ್ ಅಂತ. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ 1845ರಾಗೇ ಪುಸ್ತಕಾ ಬರದಾಕಿ, ಪತ್ರಿಕಾದವರ ಪರವಾಗಿ ಯುರೋಪಿಗೆ ಹೋಗಿ ಸುದ್ದಿ ಬರದಾಕಿ. ಇಟಲಿಯೊಳಗ ಒಬ್ಬಾತನ ಕೂಡ ಸಂಸಾರ ಕಟ್ಟಿಕೊಂಡ್ಲು, ಗಂಡು ಕೂಸು ಹುಟ್ಟಿತು. 1850ರ ಜುಲೈದಾಗ ಮೂವರೂ ಹಡಗಿನ್ಯಾಗ ವಾಪಸ್ ಹೊಂಟಿದ್ರು. ನ್ಯೂಯಾರ್ಕ್ ಇನ್ನೇನು ಬಂತು ಅನ್ನೋವಾಗ, ದಂಡಿ ಕಣ್ಣಿಗೆ ಕಾಣ್ತಿರಬೇಕಾದ್ರನ ಹಡಗು ಉಸುಕಿನ ದಿಬ್ಬಕ್ಕ ಬಡದು ಒಡೀತು. ಗಂಡ ಹೆಂಡತಿ ಇಬ್ಬರೂ ಸಮುದ್ರದ ಪಾಲಾದ್ರು, ಅವರ ದೇಹ ಸಿಗಲೇ ಇಲ್ಲ. ಎರಡು ವರ್ಷ ತುಂಬದ ಆ ಕೂಸಿಂದು ಮಾತ್ರ ದಂಡಿಗೆ ಬಂತು. ಅದನ್ನ ಮೊದಲು ಉಸುಕಿನ್ಯಾಗ ಮಣ್ಣು ಮಾಡಿದ್ರು, ಆಮ್ಯಾಲೆ ಮನಿಯವರು ಇಲ್ಲೆ ತಂದ್ರು. ಕಲ್ಲಿನ ಮ್ಯಾಲೆ ಅವ್ವನ ಹೆಸರದ, ಕೆಳಗ ಕೂಸು ಅದ.

"ಇಲ್ಲೆ ಎಷ್ಟು ಸಲ ಬಂದೀ ನೀ?" ಅಂತ ಕೇಳಿದೆ.

"ಎಣಿಸಿಲ್ಲಮ್ಮಾ" ಅಂದ್ಲು.

ಅಲ್ಲಿಂದ ಸ್ವಲ್ಪ ಮುಂದ ಒಂದು ಬೀಚ್ ಗಿಡ. ಬುಡ ಆನಿ ಕಾಲಿನಂಗ, ಬೂದಿ ಬಣ್ಣ, ನುಣುಪು. ಟೊಂಗಿಗಳು ನೆಲಾ ಮುಟ್ಟೋತನಕ ಇಳಿಬಿದ್ದು ಒಳಗ ಮಂಟಪಾ ಆಗೇದ. ಅಲ್ಲೆ ಬೆಂಚಿನ ಮ್ಯಾಲೆ ಕೂತ್ವಿ. ಆಗ ಹೇಳಿದ್ಲು. ಮೂರು ವರ್ಷದ ಹಿಂದ ಆಕಿಗೆ ಆರು ತಿಂಗಳಿಗೆ ಹೋತಲ್ಲ, ನಿಮಗ ಕೆಲವರಿಗಷ್ಟೇ ಗೊತ್ತದ. ಆಗ ನಮ್ಮ ಅತ್ತಿಯವರು ಹಾಸಗಿ ಹಿಡದಿದ್ರು, ನನಗ ಮನಿ ಬಿಟ್ಟು ಬರ್ಲಿಕ್ಕೆ ಬರೂಹಂಗ ಇರಲಿಲ್ಲ. ದಿನಾ ಫೋನ್ ಮಾಡ್ತಿದ್ದೆ. ಆಕಿ "ಆರಾಮ ಇದ್ದೇನಿ, ಊಟಾ ಆತು" ಅಂತಿದ್ಲು. ಮುಂದ ನೌಕರಿಗೆ ಹೋಗ್ಲಿಕ್ಕೆ ಹತ್ತಿದ್ಲು, ಮುಂದ ಈ ಕೂಸೂ ಹುಟ್ಟಿತು, ಎಲ್ಲಾ ಮರತಾಳ ಅಂತ ತಿಳಕೊಂಡಿದ್ವಿ ಮನಿ ಮಂದಿ.

"ಅದಕ್ಕ ಹೆಸರಿರಲಿಲ್ಲ, ಜಾಗಾನೂ ಇರಲಿಲ್ಲ" ಅಂದ್ಲು. "ಎಲ್ಲಿ ಹೋಗಿ ಅಳಬೇಕು ತಿಳೀಲಿಲ್ಲ. ಮನಿಯೊಳಗ ಅತ್ರ ಇವರಿಗೆ ತ್ರಾಸ ಆಗ್ತದ. ಇಲ್ಲಾದ್ರ ಯಾರು ಅಳ್ತಾ ಕೂತ್ರೂ ಯಾರೂ ಯಾಕಂತ ಕೇಳೂದಿಲ್ಲ. ಶನಿವಾರ ಶನಿವಾರ ಬರ್ತಿದ್ದೆ. ಈ ಗಿಡದ ಕೆಳಗ ಕೂಡ್ತಿದ್ದೆ."

ನನಗ ನಮ್ಮವ್ವ ನೆನಪಾದ್ಲು. ನಾವು ಮೂವರು ಮಕ್ಕಳು. ನನಗಿಂತಾ ಮೊದಲು ಒಂದು ಗಂಡು ಕೂಸು ಹುಟ್ಟಿ ಹತ್ತನೇ ದಿನಕ್ಕ ಹೋಗಿತ್ತು, ಹೆಸರಿಡೋ ಮೊದಲ. ಅಷ್ಟು ಸಣ್ಣವನ್ನ ನಮ್ಮೊಳಗೂ ಸುಡೂದಿಲ್ಲ, ಮಣ್ಣಿಗೇ ಇಡ್ತಾರ. ಅಪ್ಪಾ, ಕಾಕಾ ಹೋಗಿ ಇಟ್ಟು ಬಂದ್ರು. ಅವ್ವ ಬಾಳಂತಿಕೋಲಿಯೊಳಗ ಇದ್ಲು. ಎಲ್ಲೆ ಇಟ್ರಿ ಅಂತ ಆಕಿ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಮೂರೂ ಮಂದಿ ಈಗ ಇಲ್ಲ, ಆ ಜಾಗಾ ಅವರ ಕೂಡನ ಹೋತು. ಆದ್ರ ಜನಗಣತಿಯವರು ಬಂದು ಮಕ್ಕಳೆಷ್ಟು ಅಂತ ಕೇಳಿದ್ರ ಅವ್ವ ಒಳಗಿಂದ "ನಾಲ್ಕು" ಅಂತಿದ್ಲು. ಅಪ್ಪಾ ಮೆಲ್ಲಕ "ಮೂರು ಬರಕೋರಿ" ಅಂತಿದ್ರು. ನಾವು ಹುಡುಗರು ಅವ್ವಗ ಲೆಕ್ಕಾ ಬರೂದಿಲ್ಲ ಅಂತ ನಗ್ತಿದ್ವಿ. ಸಾಯೋತನಕ ಆಕಿ ಲೆಕ್ಕಾ ಬದಲಾಗ್ಲಿಲ್ಲ.

ಇದನ್ನ ಮಗಳಿಗೆ ಅವತ್ತೇ ಮೊದಲ ಸಲ ಹೇಳಿದೆ. ಆಕಿ ಭಾಳ ಹೊತ್ತು ನನ್ನ ಕೈ ಹಿಡಕೊಂಡು ಕೂತಿದ್ಲು. "ಅಜ್ಜಿಗೆ ಒಂದು ಗಿಡಾ ಆದ್ರೂ ತೋರಿಸಬಹುದಿತ್ತಲ್ಲಮ್ಮಾ" ಅಂದ್ಲು.

ನಮ್ಮ ಪದ್ಧತಿ ಖರಾಬ ಅಂತ ನಾ ಹೇಳವಲ್ಲೆ, ಮೌಶಿ. ಸುಟ್ಟು, ಬೂದಿ ನೀರಿಗೆ ಬಿಟ್ಟು, ಹೋದವರನ್ನ ಹಿಡದಿಟ್ಟುಕೋಬಾರದು ಅನ್ನೋದ್ರಾಗ ಒಂದು ಅರ್ಥ ಅದ. ದೊಡ್ಡವರಿಗೆ ವರ್ಷಕ್ಕೊಮ್ಮೆ ಶ್ರಾದ್ಧ ಅದ, ಅವರು ತಿಂತಿದ್ದದ್ದನ್ನ ಮಾಡಿ ಎಲಿಗೆ ಬಡಸ್ತೇವಿ, ಅಳೂ ಬಂದ್ರ ಒಲಿ ಹೊಗಿ ಅಂತೇವಿ. ಆದ್ರ ಹೆಸರಿಡದ ಕೂಸಿಗೆ ಶ್ರಾದ್ಧ ಇಲ್ಲ, ಪಕ್ಷ ಇಲ್ಲ, ಫೋಟೋ ಇಲ್ಲ. ಹೊತ್ತಾಕಿಗೆ ಮಾತ್ರ ಅದು ಇತ್ತು. ಆಕಿ ಅದನ್ನ ಎಲ್ಲೆ ಇಡಬೇಕು? ಮೌಂಟ್ ಆಬರ್ನ್ ಮಾಡಿದ ಡಾಕ್ಟರು ಸತ್ತವರ ಆರಾಮಕ್ಕಷ್ಟೇ ಇಷ್ಟು ಗಿಡಾ ಹಚ್ಚಲಿಲ್ಲ. ಸತ್ತವರಿಗೆ ಅಜೇಲಿಯಾ ಯಾಕ ಬೇಕು? ನೋಡ್ಲಿಕ್ಕೆ ಬರೋರು ಬ್ಯಾಸರಾ ಮಾಡಿಕೊಳ್ಳದ ಮತ್ತ ಮತ್ತ ಬರಲಿ ಅಂತ ಹಚ್ಚಿದ್ರು. ನನ್ನ ಮಗಳ ಬಳಗದವರು ಯಾರೂ ಆ ಮಣ್ಣಾಗ ಇಲ್ಲ. ಆದ್ರೂ ಆ ಗಿಡದ ನೆರಳು ಆಕಿನ್ನ ಒಂದು ವರ್ಷ ಕಾದದ.

ಎದ್ದು ಬರೋವಾಗ ಗುಡ್ಡದ ಮ್ಯಾಲಿನ ಕಲ್ಲಿನ ಗೋಪುರಾನೂ ಹತ್ತಿದ್ವಿ. 62 ಅಡಿ ಎತ್ತರ, ಸುತ್ತು ಮೆಟ್ಟಲಾ, ನನ್ನ ಮೊಣಕಾಲು ಎರಡು ದಿವಸ ಮಾತಾಡಿಸಲಿಲ್ಲ. ಮ್ಯಾಲಿಂದ ಚಾರ್ಲ್ಸ್ ಹೊಳಿ, ಅದರಾಚೆ ಬಾಸ್ಟನ್ನಿನ ಎತ್ತರದ ಕಟ್ಟಡಗಳು, ಕೆಳಗ ಪೂರಾ ಹಸಿರು. ಗೋರಿ ಒಂದೂ ಕಾಣ್ಲಿಲ್ಲ, ಎಲ್ಲಾ ಗಿಡದ ಕೆಳಗ ಹೋಗಿಬಿಟ್ಟಿದ್ವು. ನಿಮ್ಮ ಮಕ್ಕಳು ಆ ಕಡೆ ಇದ್ರ ಮೇ ತಿಂಗಳಾಗ ಹೋಗಿ ಬರ್ರಿ. ಹಾರ್ವರ್ಡ್ ಚೌಕದಿಂದ 71 ಇಲ್ಲಾ 73 ನಂಬರ್ ಬಸ್ಸು. ಬೂಟು ಹಾಕ್ಕೊಂಡು ಹೋಗ್ರಿ, ಚಪ್ಪಲ್ ನಡಿಯೂದಿಲ್ಲ.

ಹೋದ ವಾರ ನಮ್ಮ ಓಣಿಯವರೊಬ್ಬರು ಮೊಮ್ಮಕ್ಕಳೆಷ್ಟು ಅಂತ ಕೇಳಿದ್ರು. "ಇಬ್ಬರು" ಅಂದೆ. ನಮ್ಮ ಯಜಮಾನ್ರು ಪೇಪರ್ ಕೆಳಗಿಳಿಸಿ ನೋಡಿದ್ರು, ತಿದ್ದಲಿಲ್ಲ. ನಿಮ್ಮ ಮನಿಯೊಳಗೂ ಹಿಂಥ ಲೆಕ್ಕ ಇರಬಹುದು, ಅತ್ತಿದ್ದೋ, ಅಜ್ಜಿದ್ದೋ, ನೆಗೆಣ್ಣಿದ್ದೋ. ಮಧ್ಯಾಹ್ನ ಊಟ ಆಗಿ ಗಂಡಸರು ಮಲಗಿದ ಮ್ಯಾಲೆ ಒಮ್ಮೆ ಮಗ್ಗಲಕ ಕೂತು ಕೇಳ್ರಿ. ಎಷ್ಟು ವರ್ಷ ಆಗಿದ್ರೂ ಆಕಿಗೆ ತಿಂಗಳು, ವಾರ ಎರಡೂ ನೆನಪಿರ್ತದ.